36,000 ಹಿಟ್, 3 ಆರ್ಡರ್: ವೆಬ್‌ಸೈಟ್‌ಗೆ ಬರುವವರನ್ನು ಎಣಿಸುವುದು ಹೇಗೆ?



ನಮ್ಮದು ಶಾಮಿಯಾನ ಅಂಗಡಿ. ಮದುವೆ, ವಲೀಮಾ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಏನೇ ಇರಲಿ, ಪೆಂಡಾಲ್, ಕುರ್ಚಿ, ಟೇಬಲ್, ಬಿರಿಯಾನಿ ಡೇಗು ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇವೆ. ಎರಡು ವರ್ಷದ ಹಿಂದೆ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಸಿದೆವು. ಕಳೆದ ಡಿಸೆಂಬರ್‌ನಲ್ಲಿ ಅದನ್ನು ಮಾಡಿಕೊಟ್ಟವರು ಅಂಗಡಿಗೆ ಬಂದು ಒಂದು ಹಾಳೆ ತೋರಿಸಿದರು. "ಸಾಬ್, ನವೆಂಬರ್ ಒಂದೇ ತಿಂಗಳಲ್ಲಿ ನಿಮ್ಮ ಸೈಟಿಗೆ 36,000 ಹಿಟ್ ಬಂದಿದೆ. ತಿಂಗಳಿಗೆ 2,000 ರೂಪಾಯಿ ಕೊಟ್ಟರೆ ಅದನ್ನು 50,000 ಮಾಡಿಕೊಡ್ತೀವಿ" ಎಂದರು.

ವರ್ಷಕ್ಕೆ 24,000 ರೂಪಾಯಿ ನಮಗೆ ಸಣ್ಣ ಮೊತ್ತವಲ್ಲ. ಆ ದುಡ್ಡಿನಲ್ಲಿ ಹರಿದ ಪರದೆಗಳನ್ನು ಹೊಸದಾಗಿ ಹೊಲಿಸಬಹುದು. ಆದರೂ ಕಾಮರ್ಸ್ ಓದುತ್ತಿರುವ ನಾನು ಖುಷಿಯಲ್ಲಿ "ಕೊಟ್ಟುಬಿಡಿ ಅಬ್ಬಾ, 36,000 ಜನ ನಮ್ಮ ಅಂಗಡಿ ನೋಡಿದ್ದಾರೆ" ಎಂದುಬಿಟ್ಟೆ. ಅಬ್ಬಾ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಕಿತ್ತೆ ಲೋಗಾಂ ಆಯೆ, ಕಿತ್ತೆ ಲಿಯೆ?" ಎಷ್ಟು ಜನ ಬಂದರು, ಎಷ್ಟು ಜನ ತೆಗೆದುಕೊಂಡರು? ನನ್ನ ಬಳಿ ಉತ್ತರ ಇರಲಿಲ್ಲ. ಒಂದು ತಿಂಗಳಲ್ಲಿ 36,000 ಜನ ಶಾಮಿಯಾನ ಹುಡುಕುವಷ್ಟು ದೊಡ್ಡ ಊರೂ ನಮ್ಮದಲ್ಲ.

ವೆಬ್‌ಸೈಟ್ ಮಾಡಿಕೊಟ್ಟವರಿಗೆ ಒಂದು ವಾರ ಕಾಯಲು ಹೇಳಿದೆವು. ಆ ವಾರದಲ್ಲಿ, ಮತ್ತು ಅದರ ನಂತರವೂ, ನಾನು ಕಲಿತದ್ದೇ ಈ ಲೇಖನ.

ಎಣಿಕೆ ಎಲ್ಲಿ ಶುರುವಾಗುತ್ತದೆ?

ಪ್ರತಿ ವೆಬ್‌ಸೈಟ್ ಒಂದು ಸರ್ವರ್‌ನಲ್ಲಿ ಇರುತ್ತದೆ. ಸರ್ವರ್ ಎಂದರೆ ಕೇಳಿದವರಿಗೆ ಫೈಲ್ ಕಳಿಸುವ ಕಂಪ್ಯೂಟರ್. ನಾವು ಮೊಬೈಲ್‌ನಲ್ಲಿ ಒಂದು ಪುಟ ತೆರೆದರೆ ನಮ್ಮ ಬ್ರೌಸರ್ ಆ ಸರ್ವರ್‌ಗೆ "ಈ ಫೈಲ್ ಕೊಡು" ಎಂದು ಕೇಳುತ್ತದೆ. ಸರ್ವರ್ ಫೈಲ್ ಕೊಟ್ಟು, ಕೊಟ್ಟಿದ್ದನ್ನು ಒಂದು ಸಾಲಿನಲ್ಲಿ ಬರೆದಿಡುತ್ತದೆ. ಈ ದಾಖಲೆಗೆ ಲಾಗ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸರ್ವರ್‌ನ ರೋಜನಾಮೆ.

ಲಾಗ್‌ನ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಐದು ವಿಷಯಗಳು ಇರುತ್ತವೆ. ಕೇಳಿದವರ ಐಪಿ ವಿಳಾಸ, ದಿನಾಂಕ ಮತ್ತು ಸಮಯ, ಕೇಳಿದ ಫೈಲಿನ ಹೆಸರು, ಉತ್ತರದ ಸಂಕೇತ ಸಂಖ್ಯೆ ಮತ್ತು ಕಳಿಸಿದ ಫೈಲಿನ ಗಾತ್ರ. ಸಂಕೇತ ಸಂಖ್ಯೆ 200 ಇದ್ದರೆ ಫೈಲ್ ಸರಿಯಾಗಿ ಹೋಯಿತು ಎಂದರ್ಥ. 404 ಇದ್ದರೆ ಅಂಥ ಫೈಲ್ ಇಲ್ಲ. 500 ಇದ್ದರೆ ಸರ್ವರ್‌ನಲ್ಲೇ ತೊಂದರೆ.

ಇದು ಎಣಿಕೆಯ ಹಳೆಯ ದಾರಿ. ಈ ಲಾಗ್‌ಗಳನ್ನು ಓದಿ ಪಟ್ಟಿ ಮಾಡಿಕೊಡುವ ತಂತ್ರಾಂಶಗಳಿವೆ. ಎಡಬ್ಲ್ಯೂಸ್ಟ್ಯಾಟ್ಸ್ ಅಂಥದ್ದೊಂದು. ಅನೇಕ ಹೋಸ್ಟಿಂಗ್ ಖಾತೆಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ.

ಇನ್ನೊಂದು ದಾರಿ, ಪುಟದೊಳಗೇ ಒಂದು ಪುಟ್ಟ ಪ್ರೋಗ್ರಾಂ ಇಡುವುದು. ಯಾರಾದರೂ ಪುಟ ತೆರೆದಾಗ ಅದು ಎಣಿಕೆಯ ಸಂಸ್ಥೆಗೆ ಸುದ್ದಿ ಕಳಿಸುತ್ತದೆ. ಗೂಗಲ್ ಅನಾಲಿಟಿಕ್ಸ್ ಕೆಲಸ ಮಾಡುವುದು ಹೀಗೆ. ಗೂಗಲ್ 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ನವೆಂಬರ್‌ನಲ್ಲಿ ಈ ಸೇವೆಯನ್ನು ಆರಂಭಿಸಿತು.

ಹಿಟ್ ಎಂದರೆ ಗಿರಾಕಿ ಅಲ್ಲ

ನಾನು ಮೊದಲು ಎಡವಿದ್ದು ಇಲ್ಲೇ. ಸರ್ವರ್‌ನಿಂದ ಒಂದು ಫೈಲ್ ಕೇಳಿದರೆ ಅದು ಒಂದು ಹಿಟ್. ಪುಟ ಒಂದೇ ಆದರೂ ಅದರಲ್ಲಿರುವ ಪ್ರತಿ ಫೋಟೊ ಒಂದು ಬೇರೆ ಫೈಲ್.

ನಮ್ಮ ಸೈಟಿನ ಮೊದಲ ಪುಟದಲ್ಲಿ 32 ಫೋಟೊಗಳಿವೆ. ಪುಟದ ಫೈಲ್ ಒಂದು. ಲೋಗೊ, ಅಕ್ಷರ ವಿನ್ಯಾಸ, ಇತರ ಸಣ್ಣ ಫೈಲ್‌ಗಳು ಸೇರಿ ಏಳು. ಒಟ್ಟು 40. ಅಂದರೆ ಒಬ್ಬ ಗಿರಾಕಿ ಮೊದಲ ಬಾರಿಗೆ ನಮ್ಮ ಮೊದಲ ಪುಟ ತೆರೆದು ಹಾಗೇ ಮುಚ್ಚಿದರೂ 40 ಹಿಟ್! ನಾಳೆ ನಾವು ಇನ್ನೂ 40 ಫೋಟೊ ಸೇರಿಸಿದರೆ ಹಿಟ್ ಎರಡರಷ್ಟಾಗುತ್ತದೆ. ಗಿರಾಕಿ ಮಾತ್ರ ಅದೇ ಒಬ್ಬ. 50,000 ಹಿಟ್ ಮಾಡಿಕೊಡುವುದು ಎಷ್ಟು ಸುಲಭ ಎಂದು ಆಗ ನನಗೆ ಅರ್ಥವಾಯಿತು.

ಹಿಟ್ ಸುಳ್ಳು ಸಂಖ್ಯೆ ಏನಲ್ಲ. ಸರ್ವರ್ ಮೇಲೆ ಎಷ್ಟು ಹೊರೆ ಬೀಳುತ್ತಿದೆ ಎಂದು ತಿಳಿಯಬೇಕಾದವರಿಗೆ ಅದು ಉಪಯುಕ್ತ. ಪರೀಕ್ಷೆಯ ಫಲಿತಾಂಶದ ದಿನ ಎಲ್ಲರೂ ಒಂದೇ ನಿಮಿಷದಲ್ಲಿ ನೋಂದಣಿ ಸಂಖ್ಯೆ ಹಾಕುತ್ತಾರಲ್ಲ, ಅಂಥ ಸೈಟ್ ನಡೆಸುವವರು ಪ್ರತಿ ಸೆಕೆಂಡಿಗೆ ಎಷ್ಟು ವಿನಂತಿ ಬರುತ್ತದೆ ಎಂದು ಲೆಕ್ಕ ಹಾಕಲೇಬೇಕು. ಆದರೆ ಅಂಗಡಿಯವರಿಗೆ ಬೇಕಾದ ಸಂಖ್ಯೆ ಅದಲ್ಲ.

ನಾಲ್ಕು ಅಳತೆಗಳು, ಒಂದು ಅಂಗಡಿಯ ಉದಾಹರಣೆ

ಒಂದು ಬಟ್ಟೆ ಅಂಗಡಿಯನ್ನು ನೆನೆಸಿಕೊಳ್ಳಿ.

ಹಿಟ್: ಅಂಗಡಿಯವರು ಕಪಾಟಿನಿಂದ ಕೆಳಗಿಳಿಸಿದ ಒಟ್ಟು ಬಟ್ಟೆಗಳ ಸಂಖ್ಯೆ. ಒಬ್ಬರಿಗೇ 40 ಸೀರೆ ತೋರಿಸಿರಬಹುದು.

ಪುಟ ವೀಕ್ಷಣೆ: ಗಿರಾಕಿ ಹೋಗಿ ನೋಡಿದ ವಿಭಾಗಗಳು. ಸೀರೆ ವಿಭಾಗ ಒಂದು, ಮಕ್ಕಳ ಬಟ್ಟೆ ಒಂದು.

ಸೆಷನ್ ಅಥವಾ ಭೇಟಿ: ಒಬ್ಬರು ಒಮ್ಮೆ ಒಳಗೆ ಬಂದು ಹೊರಗೆ ಹೋಗುವವರೆಗಿನ ಸಮಯ. ಅದೇ ವ್ಯಕ್ತಿ ಸಂಜೆ ಮತ್ತೆ ಬಂದರೆ ಎರಡನೇ ಭೇಟಿ.

ಬಳಕೆದಾರ: ಎಷ್ಟು ಸಲ ಬಂದರೂ ಆ ವ್ಯಕ್ತಿ ಒಬ್ಬರೇ.

ವೆಬ್‌ಸೈಟ್‌ಗೆ ಬಾಗಿಲು ಇಲ್ಲ. ಹಾಗಾದರೆ ಗಿರಾಕಿ ಹೊರಗೆ ಹೋದದ್ದು ಹೇಗೆ ಗೊತ್ತಾಗುತ್ತದೆ? ಅದಕ್ಕೆ ಸಮಯದ ನಿಯಮ ಮಾಡಿಕೊಂಡಿದ್ದಾರೆ. ಗೂಗಲ್ ಅನಾಲಿಟಿಕ್ಸ್‌ನಲ್ಲಿ ನಾವು ಬದಲಾಯಿಸದಿದ್ದರೆ 30 ನಿಮಿಷ ಏನೂ ಚಟುವಟಿಕೆ ಇಲ್ಲದಾಗ ಸೆಷನ್ ಮುಗಿಯುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಸೈಟ್ ನೋಡಿ, ನಮಾಜ್, ಊಟ ಮುಗಿಸಿ ಎರಡು ಗಂಟೆಗೆ ಅದೇ ಪುಟದಲ್ಲಿ ಮುಂದುವರಿದರೆ ಅದು ಎರಡು ಸೆಷನ್. ಎಡಬ್ಲ್ಯೂಸ್ಟ್ಯಾಟ್ಸ್‌ನಲ್ಲಿ ಈ ಮಿತಿ 60 ನಿಮಿಷ. ಒಂದೇ ಸೈಟಿನ ಒಂದೇ ತಿಂಗಳಿಗೆ ಎರಡು ಸಾಧನಗಳು ಎರಡು ಬೇರೆ ಸಂಖ್ಯೆ ತೋರಿಸಲು ಇದೂ ಒಂದು ಕಾರಣ. ಆದ್ದರಿಂದ ಒಂದು ತಿಂಗಳು ಒಂದು ಸಾಧನ, ಮರು ತಿಂಗಳು ಇನ್ನೊಂದು ಸಾಧನ ಬಳಸಿ ಹೋಲಿಸಬಾರದು.

ನಮ್ಮ ಸೈಟಿನ ಬಿಆರ್‌ಎಸ್

ಪ್ರಥಮ ಪಿಯುಸಿಯಲ್ಲಿ ನಾವೆಲ್ಲ ಬಿಆರ್‌ಎಸ್ ಮಾಡಿದ್ದೇವೆ. ಪಾಸ್ ಬುಕ್ಕಿನ ಬಾಕಿ ಮತ್ತು ಕ್ಯಾಶ್ ಬುಕ್ಕಿನ ಬಾಕಿ ಹೊಂದದಿದ್ದರೆ ವ್ಯತ್ಯಾಸದ ಕಾರಣಗಳನ್ನು ಒಂದೊಂದಾಗಿ ಹುಡುಕುತ್ತೇವೆ. ಇಲ್ಲಿಯೂ ನನ್ನ ಬಳಿ ಎರಡು ಪುಸ್ತಕಗಳಿದ್ದವು. ಒಂದು, ಹೋಸ್ಟಿಂಗ್ ಖಾತೆಯ ಎಡಬ್ಲ್ಯೂಸ್ಟ್ಯಾಟ್ಸ್. ಇನ್ನೊಂದು, ಅಬ್ಬಾ ಅವರ ಬುಕ್ಕಿಂಗ್ ನೋಟ್‌ಬುಕ್. ಹೊಸಬರು ಫೋನ್ ಮಾಡಿದರೆ "ನಮ್ಮ ನಂಬರ್ ಯಾರು ಕೊಟ್ಟರು?" ಎಂದು ಕೇಳಿ ಹೆಸರಿನ ಪಕ್ಕದಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುವುದು ಅವರ ಹಳೆಯ ಅಭ್ಯಾಸ. ಪರಿಚಯದವರು ಕಳಿಸಿದ್ದರೆ ಬಾಡಿಗೆಯಲ್ಲಿ ಸ್ವಲ್ಪ ಬಿಡಬೇಕಲ್ಲ!

ಎರಡನ್ನೂ ಪಕ್ಕದಲ್ಲಿಟ್ಟು ಮಾಡಿದ ನವೆಂಬರ್ ತಿಂಗಳ ಲೆಕ್ಕ ಹೀಗಿದೆ. ಓದಲು ಸುಲಭವಾಗಲೆಂದು ದೊಡ್ಡ ಸಂಖ್ಯೆಗಳನ್ನು ದುಂಡಾಗಿಸಿದ್ದೇನೆ.

ಹಾಳೆಯಲ್ಲಿದ್ದ ಒಟ್ಟು ಹಿಟ್: 36,000
ಕಳೆಯಿರಿ, ಬಾಟ್‌ಗಳು ಮತ್ತು ದೋಷದ ವಿನಂತಿಗಳು: 8,000
ಉಳಿದ ಹಿಟ್: 28,000
ಈ ಹಿಟ್‌ಗಳೆಲ್ಲ ಸೇರಿ ಆದ ಪುಟ ವೀಕ್ಷಣೆ: 800
ಆ ಪುಟಗಳನ್ನು ನೋಡಿದ ಭೇಟಿಗಳು: 320
ಕಳೆಯಿರಿ, ನಮ್ಮ ಮನೆ ಮತ್ತು ಅಂಗಡಿಯ ಇಂಟರ್ನೆಟ್‌ನಿಂದಲೇ ಆದ ಭೇಟಿಗಳು: 90
ಉಳಿದ ಭೇಟಿಗಳು: 230
ವೆಬ್‌ಸೈಟ್ ನೋಡಿ ಬಂದ ಫೋನ್ ಕರೆಗಳು: 11
ಆದ ಆರ್ಡರ್‌ಗಳು: 3

ಈ ಪಟ್ಟಿಯಲ್ಲಿ ನನಗೆ ನಾಚಿಕೆ ತಂದ ಸಾಲು 90 ಭೇಟಿಗಳದ್ದು. ಅದರಲ್ಲಿ ಹೆಚ್ಚಿನವು ನನ್ನವೇ! ಸೈಟ್ ಚೆನ್ನಾಗಿ ಕಾಣುತ್ತಿದೆಯೇ ಎಂದು ದಿನಕ್ಕೆ ಎರಡು ಮೂರು ಸಲ ತೆರೆಯುತ್ತಿದ್ದೆ. ಕ್ಲಾಸಿನ ಸ್ನೇಹಿತರಿಗೂ ಲಿಂಕ್ ಕಳಿಸಿ "ಒಮ್ಮೆ ನೋಡಿ" ಎನ್ನುತ್ತಿದ್ದೆ. ಅವರ ಭೇಟಿಗಳು ಉಳಿದ 230ರಲ್ಲಿ ಎಷ್ಟಿವೆಯೋ, ಅವನ್ನು ಬೇರೆ ಮಾಡಲು ನನಗೆ ದಾರಿಯೇ ಇಲ್ಲ. ನಾನೇ ನಮ್ಮ ಲೆಕ್ಕವನ್ನು ಕೆಡಿಸಿ, ಆ ಕೆಟ್ಟ ಲೆಕ್ಕವನ್ನೇ ನೋಡಿ ಅಬ್ಬಾಗೆ ದುಡ್ಡು ಕೊಡಲು ಹೇಳಿದ್ದೆ. ಅಂಗಡಿಯ ಮಾಲೀಕ ತನ್ನ ಬಾಗಿಲಲ್ಲೇ ಒಳಗೆ ಹೊರಗೆ ಓಡಾಡಿ "ಇವತ್ತು ತುಂಬಾ ವ್ಯಾಪಾರ" ಎಂದ ಹಾಗೆ.

ಬಾಟ್‌ಗಳ ವಿಷಯವೂ ತಿಳಿದಿರಲಿ. ಬಾಟ್ ಎಂದರೆ ತಾನಾಗಿಯೇ ಪುಟಗಳನ್ನು ತೆರೆಯುವ ಪ್ರೋಗ್ರಾಂ. ಗೂಗಲ್ ಹುಡುಕಾಟಕ್ಕಾಗಿ ಪುಟ ಓದುವ ಗೂಗಲ್‌ಬಾಟ್‌ನಂಥ ಒಳ್ಳೆಯವು ಇವೆ. ಬೀಗ ಸಡಿಲವಾಗಿದೆಯೇ ಎಂದು ಬಾಗಿಲು ತಳ್ಳಿ ನೋಡುವ ಕೆಟ್ಟವೂ ಇವೆ. ಎಡಬ್ಲ್ಯೂಸ್ಟ್ಯಾಟ್ಸ್ ತನಗೆ ಪರಿಚಯವಿರುವ ಬಾಟ್‌ಗಳನ್ನು ಬೇರೆ ಮಾಡಿ ತೋರಿಸುತ್ತದೆ. ಹೆಸರು ಮುಚ್ಚಿಟ್ಟುಕೊಂಡು ಬರುವ ಬಾಟ್‌ಗಳು ಜನರ ಲೆಕ್ಕದಲ್ಲೇ ಸೇರಿಬಿಡುತ್ತವೆ.

"ಬಳಕೆದಾರರು" ಎಂಬ ಸಂಖ್ಯೆಯನ್ನು ಎಷ್ಟು ನಂಬಬಹುದು?

ನಾನು ಪಟ್ಟಿಯಲ್ಲಿ ಬಳಕೆದಾರರ ಸಂಖ್ಯೆ ಬರೆದಿಲ್ಲ. ಕಾರಣವಿದೆ. ಸರ್ವರ್ ಲಾಗ್ ಜನರನ್ನು ಐಪಿ ವಿಳಾಸದಿಂದ ಗುರುತಿಸುತ್ತದೆ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಆಗ ಹತ್ತು ಜನ ಒಬ್ಬರಂತೆ ಕಾಣಬಹುದು. ಒಂದೇ ಮೊಬೈಲ್‌ನ ವಿಳಾಸ ಬದಲಾಗುತ್ತಲೂ ಇರುತ್ತದೆ. ಆಗ ಒಬ್ಬರೇ ಮೂವರಂತೆ ಕಾಣಬಹುದು.

ಗೂಗಲ್ ಅನಾಲಿಟಿಕ್ಸ್ ಇದಕ್ಕೆ ಕುಕಿ ಬಳಸುತ್ತದೆ. ಕುಕಿ ಎಂದರೆ ಬ್ರೌಸರ್‌ನಲ್ಲಿ ಇಟ್ಟುಹೋಗುವ ಚಿಕ್ಕ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು. ಮರುದಿನ ಅದೇ ಚೀಟಿ ಕಂಡರೆ "ನಿನ್ನೆ ಬಂದವರೇ" ಎಂದು ತಿಳಿಯುತ್ತದೆ. ಆದರೆ ಚೀಟಿ ಇರುವುದು ಬ್ರೌಸರ್‌ನಲ್ಲಿ, ಮನುಷ್ಯನ ಜೇಬಿನಲ್ಲಿ ಅಲ್ಲ. ನಮ್ಮ ಮನೆಯಲ್ಲಿ ಅಮ್ಮಿ, ದಾದಿ, ತಮ್ಮ ಮೂವರೂ ಒಂದೇ ಫೋನ್ ನೋಡುತ್ತಾರೆ. ಲೆಕ್ಕದಲ್ಲಿ ಒಬ್ಬರು. ನಾನು ಫೋನ್‌ನಲ್ಲೂ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲೂ ನೋಡುತ್ತೇನೆ. ಲೆಕ್ಕದಲ್ಲಿ ಇಬ್ಬರು.

ಹಾಗೆಂದು ಸಂಖ್ಯೆ ಎಸೆಯಬೇಕಾಗಿಲ್ಲ. ಪ್ರತಿ ತಿಂಗಳೂ ತಪ್ಪು ಸುಮಾರು ಒಂದೇ ರೀತಿ ಇದ್ದರೆ ಏರಿತೋ ಇಳಿಯಿತೋ ಎಂದು ತಿಳಿಯಲು ಅದು ಸಾಕು.

ಬೇಗ ಹೋದವರೆಲ್ಲ ಬೇಸರದಿಂದ ಹೋದವರಲ್ಲ

ಬೌನ್ಸ್ ರೇಟ್ ಎಂಬ ಇನ್ನೊಂದು ಅಳತೆ ಇದೆ. ಗೂಗಲ್ ಅನಾಲಿಟಿಕ್ಸ್‌ನ ಈಗಿನ ಆವೃತ್ತಿಯಲ್ಲಿ 10 ಸೆಕೆಂಡಿಗಿಂತ ಹೆಚ್ಚು ಇದ್ದ, ಅಥವಾ ಎರಡು ಪುಟ ನೋಡಿದ, ಅಥವಾ ನಾವು ಮುಖ್ಯವೆಂದು ಗುರುತಿಸಿದ ಕೆಲಸ ಮಾಡಿದ ಸೆಷನ್ ಅನ್ನು ತೊಡಗಿಕೊಂಡ ಸೆಷನ್ ಎನ್ನುತ್ತಾರೆ. ಉಳಿದವು ಬೌನ್ಸ್. ನೂರರಲ್ಲಿ 60 ತೊಡಗಿಕೊಂಡ ಸೆಷನ್ ಆದರೆ ಬೌನ್ಸ್ ರೇಟ್ ಶೇಕಡಾ 40.

ನಮ್ಮ 230 ಭೇಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 30 ಸೆಕೆಂಡಿನೊಳಗೆ ಮುಗಿದಿದ್ದವು. ಇವರಿಗೆಲ್ಲ ಸೈಟ್ ಇಷ್ಟವಾಗಿಲ್ಲ ಎಂದು ನಾನು ಬರೆದುಕೊಂಡೆ. ಅಬ್ಬಾ ನಕ್ಕು, "ನಂಬರ್ ನೋಡೋಕೆ ಎಷ್ಟು ಹೊತ್ತು ಬೇಕು?" ಎಂದರು. ಹೌದಲ್ಲ! ನಮ್ಮ ಫೋನ್ ನಂಬರ್ ಮೊದಲ ಪುಟದ ಮೇಲ್ಭಾಗದಲ್ಲೇ ಇದೆ. ಮದುವೆ ಗಡಿಬಿಡಿಯಲ್ಲಿರುವವರು ಎಂಟು ಸೆಕೆಂಡಿನಲ್ಲಿ ನಂಬರ್ ನೋಡಿ ಫೋನ್ ಮಾಡಿದರೆ, ಅದಕ್ಕಿಂತ ಒಳ್ಳೆಯ ಭೇಟಿ ಯಾವುದಿದೆ? ಸಂಖ್ಯೆಯ ಅರ್ಥ ಆ ವ್ಯಾಪಾರ ಬಲ್ಲವರಿಗೇ ಚೆನ್ನಾಗಿ ಗೊತ್ತು.

ಯಾವ ತಿಂಗಳನ್ನು ಯಾವ ತಿಂಗಳ ಜೊತೆ ಹೋಲಿಸಬೇಕು?

ಸಂಖ್ಯೆ ಒಂಟಿಯಾಗಿ ಏನೂ ಹೇಳುವುದಿಲ್ಲ, ಹೋಲಿಸಬೇಕು. ಆದರೆ ನಮ್ಮ ವ್ಯಾಪಾರದಲ್ಲಿ ಆಷಾಢದಲ್ಲಿ ಹಿಂದೂ ಮದುವೆಗಳು ಇರುವುದಿಲ್ಲ. ರಂಜಾನ್‌ನಲ್ಲಿ ನಮ್ಮವರ ಮದುವೆಗಳು ಕಡಿಮೆ, ಇಫ್ತಾರ್ ಕೂಟಗಳಿಗೆ ಮಾತ್ರ ಶಾಮಿಯಾನ ಹೋಗುತ್ತದೆ. ಈದ್ ಮುಗಿದ ಕೂಡಲೇ ಮದುವೆಗಳ ಸಾಲು. ಆದ್ದರಿಂದ ಹಿಂದಿನ ತಿಂಗಳ ಜೊತೆ ಹೋಲಿಸುವುದಕ್ಕಿಂತ ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸುವುದು ಮೇಲು ಎನ್ನುತ್ತಾರೆ.

ಅದರಲ್ಲೂ ಒಂದು ತೊಡಕಿದೆ. ಹಿಜ್ರಿ ವರ್ಷ ಇಂಗ್ಲಿಷ್ ಕ್ಯಾಲೆಂಡರ್‌ಗಿಂತ ಸುಮಾರು 11 ದಿನ ಚಿಕ್ಕದು. ನಮ್ಮ ಊರಿನಲ್ಲಿ ಈದುಲ್ ಫಿತ್ರ್ 2024ರಲ್ಲಿ ಏಪ್ರಿಲ್ 11ಕ್ಕೆ ಬಂದರೆ 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಹೀಗಾಗಿ 2024ರ ಏಪ್ರಿಲ್‌ನ ಮೊದಲ ಹತ್ತು ದಿನ ರಂಜಾನ್, 2025ರ ಅದೇ ಹತ್ತು ದಿನ ಮದುವೆ ಸೀಸನ್. "ಏಪ್ರಿಲ್‌ನಲ್ಲಿ ಭೇಟಿ ಹೆಚ್ಚಾಗಿದೆ, ನಮ್ಮ ಪ್ರಚಾರದ ಫಲ" ಎಂದು ಯಾರಾದರೂ ಹೇಳಿದರೆ ಮೊದಲು ಗೋಡೆಯ ಕ್ಯಾಲೆಂಡರ್ ನೋಡಬೇಕು. ಚಂದ್ರನ ಫಲವೂ ಇರಬಹುದು!

ಬಂದವರು ಯಾವ ದಾರಿಯಿಂದ ಬಂದರು?

ಬೇರೆ ಸೈಟಿನ ಲಿಂಕ್ ಒತ್ತಿ ಬಂದರೆ ಬ್ರೌಸರ್ ಸಾಮಾನ್ಯವಾಗಿ "ಇಲ್ಲಿಂದ ಬಂದೆ" ಎಂದು ಹೇಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಈ ಮಾಹಿತಿ ಹೆಚ್ಚಾಗಿ ಸಿಗುವುದಿಲ್ಲ. ವರದಿಯಲ್ಲಿ ಅದು "ನೇರ ಭೇಟಿ" ಎಂದು ಕಾಣುತ್ತದೆ. ನಮ್ಮಂಥ ಊರುಗಳಲ್ಲಿ ಎಲ್ಲವೂ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲೇ ಓಡಾಡುವುದರಿಂದ ಇದನ್ನು ನೆನಪಿಡಬೇಕು.

ಇದಕ್ಕೆ ಪರಿಹಾರ ಯುಟಿಎಂ. ಇದು ಆ ಹಳೆಯ ಅರ್ಚಿನ್ ಕಂಪನಿಯಿಂದಲೇ ಉಳಿದುಬಂದ ಹೆಸರು. ಲಿಂಕ್‌ನ ಕೊನೆಗೆ ಒಂದು ಗುರುತು ಸೇರಿಸಿ, ವಾಟ್ಸ್‌ಆ್ಯಪ್‌ಗೆ ಒಂದು, ಇನ್‌ಸ್ಟಾಗ್ರಾಂಗೆ ಒಂದು, ಕರಪತ್ರದ ಕ್ಯೂಆರ್ ಕೋಡ್‌ಗೆ ಒಂದು ಎಂದು ಬೇರೆ ಬೇರೆ ಲಿಂಕ್ ಕೊಡುವುದು. ಯಾವ ದಾರಿಯಿಂದ ಎಷ್ಟು ಜನ ಬಂದರು ಎಂದು ಆಗ ತಿಳಿಯುತ್ತದೆ.

ಅಬ್ಬಾ ಈ ಕೆಲಸವನ್ನು ಪೆನ್ನಿನಿಂದಲೇ ಮಾಡಿದ್ದರು. ಆ 11 ಕರೆಗಳಲ್ಲಿ 6 ಗೂಗಲ್‌ನಲ್ಲಿ ಹುಡುಕಿ ಬಂದವು, 4 ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಲಿಂಕ್‌ನಿಂದ. ಒಬ್ಬರಿಗೆ ನೆನಪಿರಲಿಲ್ಲ.

ಎಣಿಸುವವರ ಜವಾಬ್ದಾರಿ

ಎಣಿಸುವಾಗ ನಾವು ಬೇರೆಯವರ ಮಾಹಿತಿ ಮುಟ್ಟುತ್ತಿದ್ದೇವೆ. ಐಪಿ ವಿಳಾಸ, ಊರು, ನೋಡಿದ ಸಮಯ ಎಲ್ಲ ನಮ್ಮ ಕೈಗೆ ಬರುತ್ತದೆ. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ವೈಯಕ್ತಿಕ ಮಾಹಿತಿ ಬಳಸಲು ಒಪ್ಪಿಗೆ ಬೇಕು ಎನ್ನುವುದು ಅದರ ಮುಖ್ಯ ನಿಯಮ. 18 ವರ್ಷದೊಳಗಿನವರನ್ನು ಅದು ಮಕ್ಕಳು ಎಂದೇ ಕರೆಯುತ್ತದೆ ಮತ್ತು ಅವರ ನಡವಳಿಕೆಯ ಬೆನ್ನುಹತ್ತಿ ಗಮನಿಸುವುದಕ್ಕೆ ತಡೆ ಹಾಕುತ್ತದೆ. ಈ ಲೇಖನ ಬರೆಯುತ್ತಿರುವ ನನಗೂ 17! ಎಷ್ಟು ಬೇಕೋ ಅಷ್ಟೇ ಎಣಿಸಬೇಕು, ಎಣಿಸಿದ್ದನ್ನು ಕಂಡವರಿಗೆ ತೋರಿಸಬಾರದು. ಗಿರಾಕಿಯ ಮಾಹಿತಿಯೂ ನಮ್ಮಲ್ಲಿಟ್ಟ ಅಮಾನತ್ತೇ.

ನೀವೇ ಮಾಡಿ ನೋಡಿ

ಸ್ವಂತ ವೆಬ್‌ಸೈಟ್ ಇಲ್ಲದವರೂ ಇದನ್ನು ಅಭ್ಯಾಸ ಮಾಡಬಹುದು. ವಿಕಿಪೀಡಿಯ ತನ್ನ ಪುಟ ವೀಕ್ಷಣೆಯ ಸಂಖ್ಯೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಪೇಜ್‌ವ್ಯೂಸ್ ಅನಾಲಿಸಿಸ್ ಎಂಬ ಸಾಧನದಲ್ಲಿ 2015ರ ಜುಲೈನಿಂದ ಇತ್ತೀಚಿನವರೆಗೆ ದಿನದಿನದ ಲೆಕ್ಕ ಸಿಗುತ್ತದೆ.

1. ಕನ್ನಡ ವಿಕಿಪೀಡಿಯವನ್ನು ಆರಿಸಿ, "ಕುವೆಂಪು" ಪುಟದ ಡಿಸೆಂಬರ್ ತಿಂಗಳ ಲೆಕ್ಕ ತೆಗೆಯಿರಿ. ಅವರ ಹುಟ್ಟುಹಬ್ಬವಾದ 29ರ ಸುತ್ತ ರೇಖೆ ಹೇಗಿದೆ ಗಮನಿಸಿ.
2. ದಿನದ ಸರಾಸರಿ ಮತ್ತು ಅತಿ ಹೆಚ್ಚಿನ ದಿನದ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ಸರಾಸರಿ ಮಾತ್ರ ನೋಡಿದ್ದರೆ ನಿಮಗೆ ಏನು ಕಾಣುತ್ತಿರಲಿಲ್ಲ?
3. ಅದೇ ಸಾಧನದಲ್ಲಿ ಜನರ ವೀಕ್ಷಣೆ ಮತ್ತು ಬಾಟ್‌ಗಳ ವೀಕ್ಷಣೆಯನ್ನು ಬೇರೆ ಬೇರೆ ನೋಡಬಹುದು. ಎರಡನ್ನೂ ಹೋಲಿಸಿ.

ಕೊನೆಗೆ ಏನಾಯಿತು?

3 ಆರ್ಡರ್ ಅನ್ನು 230 ಭೇಟಿಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ 1.3. ಇದನ್ನು ಪರಿವರ್ತನಾ ದರ ಎನ್ನುತ್ತಾರೆ. ಕೇಳಲು ಚಿಕ್ಕದು. ಆದರೆ ಆ ಮೂರರಲ್ಲಿ ಎರಡು ಪಕ್ಕದ ತಾಲ್ಲೂಕಿನ ಹಳ್ಳಿಗಳಿಂದ ಬಂದವು. ಅವರಿಗೆ ನಮ್ಮ ಅಂಗಡಿ ಗೊತ್ತಿರುವ ಸಾಧ್ಯತೆಯೇ ಇರಲಿಲ್ಲ. ಹಾಗಾಗಿ ವೆಬ್‌ಸೈಟ್ ದಂಡ ಎಂದು ಹೇಳುವುದೂ ತಪ್ಪಾಗುತ್ತಿತ್ತು.

ವಾರದ ನಂತರ ಅವರು ಮತ್ತೆ ಬಂದಾಗ ಅಬ್ಬಾ, "ಹಿಟ್ ಬೇಡ. ತಿಂಗಳಿಗೆ ಎಷ್ಟು ಫೋನ್ ಹೆಚ್ಚು ಬರುತ್ತೆ ಹೇಳಿ, ಅದಕ್ಕೆ ದುಡ್ಡು ಕೊಡ್ತೀನಿ" ಎಂದರು. ಅದನ್ನು ಹೇಳಲು ಆಗುವುದಿಲ್ಲ ಎಂದು ಅವರು ಹೊರಟುಹೋದರು. ನಾವು ವೆಬ್‌ಸೈಟ್ ಉಳಿಸಿಕೊಂಡೆವು, ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಮೊದಲ ಪುಟದ ಫೋಟೊಗಳನ್ನು 32ರಿಂದ 8ಕ್ಕೆ ಇಳಿಸಿದೆವು. ಈಗ ಪುಟ ಬೇಗ ತೆರೆಯುತ್ತದೆ. ಹಿಟ್ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಿದ್ದಿದೆ! ಜನವರಿಯಲ್ಲಿ ಬಂದ ಕರೆಗಳು 12.

ಪರದೆಗಳನ್ನು ಹೊಲಿಯಲು ಕೊಟ್ಟಿದ್ದೇವೆ.

ಸ್ನೇಹಿತರೇ, ಮುಂದೆ ನಮ್ಮಲ್ಲಿ ಕೆಲವರು ಬಿ.ಕಾಂ. ಮುಗಿಸಿ ಕಂಪನಿಗಳಲ್ಲಿ ಕೂರುತ್ತೇವೆ, ಕೆಲವರು ಮನೆಯ ಅಂಗಡಿಯಲ್ಲೇ. ಎಲ್ಲಿ ಕೂತರೂ ಯಾರಾದರೂ ದೊಡ್ಡ ಸಂಖ್ಯೆಯೊಂದನ್ನು ಮುಂದೆ ತಂದಿಡುತ್ತಾರೆ. ಆಗ ಹಿಗ್ಗುವ ಮೊದಲು "ಇದು ಯಾವುದರ ಎಣಿಕೆ?" ಎಂದು ಕೇಳೋಣ. ಆಮೇಲೆ ಅಬ್ಬಾ ಕೇಳಿದ್ದನ್ನೇ ಕೇಳೋಣ. ಎಷ್ಟು ಜನ ಬಂದರು, ಎಷ್ಟು ಜನ ತೆಗೆದುಕೊಂಡರು?

 ನಮ್ಮ ಸೈಟ್ ನೋಡಿದ ಸ್ನೇಹಿತರೇ, ಮನೆಯಲ್ಲಿ ಮದುವೆ ಇದ್ದರೆ ಮಾತ್ರ ಇನ್ನೊಮ್ಮೆ ತೆರೆಯಿರಿ!